ಷಡ್ಡಕನ ಗೋಡೆಯ ಪಿಂಗಾಣಿ ಪಟ

ಚಿಕ್ಕಳಿಯನಿಗೆ ತನ್ನ ಷಡ್ಡಕನ ಮೇಲೆ ಹೊಟ್ಟೆಕಿಚ್ಚು ಇರಲಿಲ್ಲ. ಹಾಗೆಂದು ಅವನೇ ಹೇಳುತ್ತಿದ್ದ. ಯಾರೂ ಕೇಳದಿದ್ದಾಗಲೂ ಹೇಳುತ್ತಿದ್ದ. ಷಡ್ಡಕ ಕಾರು ಕೊಂಡ ಸುದ್ದಿ ಬಂದ ದಿನ, "ನನಗೇನು, ನಡೆದರೆ ಮೈಗೆ ಒಳ್ಳೇದು" ಎಂದು ವೀರಾವೇಶದಿಂದ ನಡೆದುಹೋದವನು ಕಾಲಲ್ಲಿ ಬೊಬ್ಬೆ ಎಬ್ಬಿಸಿಕೊಂಡು, ಬಾಯಲ್ಲಿ ಬೊಬ್ಬೆ ಹೊಡೆಯುತ್ತ ಬಾಡಿಗೆ ಗಾಡಿಯಲ್ಲಿ ವಾಪಸ್ಸು ಬಂದಿದ್ದ. ಷಡ್ಡಕನ ತಲೆಯ ಮೇಲೆ ಈ ವಯಸ್ಸಿನಲ್ಲೂ ಕೂದಲು ದಟ್ಟವಾಗಿರುವುದನ್ನು ಕಂಡು, ತನ್ನ ನುಣ್ಣನೆಯ ನೆತ್ತಿ ಸವರಿಕೊಳ್ಳುತ್ತ, "ಪಾಪ, ಎಷ್ಟು ಸೆಕೆಯಾಗುತ್ತೋ" ಎಂದು ಮರುಗಿದ್ದ. ಒಟ್ಟಿನಲ್ಲಿ ಷಡ್ಡಕನಿಗೆ ಏನು ಬಂದರೂ ಚಿಕ್ಕಳಿಯನ ಬಳಿ ಅದಕ್ಕೊಂದು ಮಾತು ತಯಾರಿರುತ್ತಿತ್ತು.

ಆದರೆ ಆ ಭಾನುವಾರ, ಷಡ್ಡಕನ ಮನೆಯ ಹಾಲಿನಲ್ಲಿ, ಸೋಫಾದ ಮೇಲ್ಗಡೆ ಗೋಡೆಯಲ್ಲಿ ಆ ಪಟವನ್ನು ಕಂಡಾಗ ಅವನಿಗೆ ಒಂದು ಮಾತೂ ಹೊಳೆಯಲಿಲ್ಲ. ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ. ಅಕ್ವೇರಿಯಮ್ಮಿನ ಮೀನು ಮಾಡುವುದೂ ಅಷ್ಟೇ.

ಮುಂದೆ ಹೋಗುವ ಮೊದಲು ಇವರು ಯಾರೆಂದು ಹೇಳಿಬಿಡಬೇಕು. ಇಬ್ಬರೂ ಒಂದೇ ಮನೆಯ ಅಕ್ಕತಂಗಿಯರನ್ನು ಮದುವೆಯಾದವರು. ಅಕ್ಕನ ಗಂಡ ದೊಡ್ಡಳಿಯ. ಹಾಸಿಗೆ ದಿಂಬುಗಳ ಅಂಗಡಿಯವನು, ಮಾತೂ ಅವನ ಸರಕಿನಷ್ಟೇ ಮೆತ್ತಗೆ. ಅವನೊಡನೆ ಜಗಳಕ್ಕೆ ಹೋದವರು ಹೋದಷ್ಟೂ ಒಳಕ್ಕೆ ಹೂತುಹೋಗುತ್ತಿದ್ದರು. ತಂಗಿಯ ಗಂಡ ನಮ್ಮ ಚಿಕ್ಕಳಿಯ. ದಂತವೈದ್ಯರು ಕಳಿಸುವ ಅಚ್ಚು ನೋಡಿ, ಪಿಂಗಾಣಿಗೆ ಬಣ್ಣ ಬಳಿದು ಕುಲುಮೆಯಲ್ಲಿ ಸುಟ್ಟು, ಕಟ್ಟುಹಲ್ಲು ತಯಾರಿಸಿ ಕೊಡುವುದು ಅವನ ಕಸುಬು. (ಊರಿನ ಅರ್ಧದಷ್ಟು ನಗು ನನ್ನ ಕೈಯಿಂದ ಹೊರಟದ್ದು ಎಂದು ಅವನು ಹೇಳಿಕೊಳ್ಳುತ್ತಿದ್ದ. ಮಿಕ್ಕರ್ಧ ನಿಮ್ಮನ್ನು ನೋಡಿ ಹೊರಟದ್ದು ಎಂದು ಅವನ ಹೆಂಡತಿ ಸೇರಿಸುತ್ತಿದ್ದಳು.) ಇವರಿಬ್ಬರ ಅತ್ತೆ, ದೊಡ್ಡ ಆಸ್ಪತ್ರೆಯೊಂದರಲ್ಲಿ ಮೇಟ್ರನ್ ಆಗಿ ನಿವೃತ್ತರಾದವರು, ದೊಡ್ಡಳಿಯನ ಮನೆಯಲ್ಲಿ ಇರುತ್ತಿದ್ದರು. ಚಿಕ್ಕಳಿಯ ಅವರನ್ನು ಕಾಣುತ್ತಿದ್ದದ್ದು ಭಾನುವಾರಗಳಲ್ಲಿ ಮಾತ್ರ. ಬಿಳಿ ಬಟ್ಟೆಯಲ್ಲಿ, ಬೆನ್ನು ನೆಟ್ಟಗೆ ಮಾಡಿ ಕುರ್ಚಿಯಲ್ಲಿ ಕೂತು, "ಬನ್ನಿ ಅಳಿಯಂದ್ರೆ" ಎಂದು ನಗುತ್ತಿದ್ದ ಅವರನ್ನು ಕಂಡರೆ ಅವನಿಗೆ ಅದೂ ಒಂದು ಹೊಟ್ಟೆಯುರಿ. ಎಂಥ ಶಿಸ್ತಿನ ಮನೆ! ಚಪ್ಪಲಿಗಳೆಲ್ಲ ಸಾಲಾಗಿ ನಿಂತಿವೆ, ಪರದೆಗೆ ಒಂದು ಸುಕ್ಕಿಲ್ಲ. ಷಡ್ಡಕನ ಪುಣ್ಯವೇ ಪುಣ್ಯ.

"ಇದೇನು ಭಾವ, ಹೊಸದಾ?" ಎಂದ ಚಿಕ್ಕಳಿಯ, ಕೊನೆಗೂ.

"ಹೊಸದೇ? ನೂರು ವರ್ಷ ದಾಟಿದೆ. ಜರ್ಮನಿಯದು. ಅತ್ತೆಯ ಆಸ್ಪತ್ರೇಲಿ ಒಬ್ಬ ಜರ್ಮನ್ ಡಾಕ್ಟರಮ್ಮ ಇದ್ರಂತೆ, ಊರಿಗೆ ಹೋಗುವಾಗ ಕೊಟ್ಟಿದ್ದು. ಇಷ್ಟು ದಿನ ಅತ್ತೆಯ ಕೋಣೇಲಿತ್ತು. ಹಳೇ ಸಾಮಾನಿನ ಅಂಗಡಿಯವರೊಬ್ಬರು ಬಂದು ನೋಡಿ ಕಣ್ಣಿಗೊತ್ತಿಕೊಂಡ್ರು. ಇಂಥಾದ್ದು ಮೂಲೇಲಿ ಇರಬಾರದು ಅಂತ ಇಲ್ಲಿ ಹಾಕಿದೆ."

"ತಟ್ಟೆ ತರ ಇದೆಯಲ್ಲ?"

"ಪಿಂಗಾಣಿ ಅಲ್ವಾ? ತಟ್ಟೇನೇ ಅಂದ್ಕೊಳ್ಳಿ. ಊಟ ಹಾಕ್ಕೊಳ್ಳೋಕಾಗಲ್ಲ ಅಷ್ಟೆ. ನೋಡಿದ್ರೇ ಹೊಟ್ಟೆ ತುಂಬುತ್ತೆ."

ಚಿಕ್ಕಳಿಯನ ಹೊಟ್ಟೆ ತುಂಬಲಿಲ್ಲ, ಉರಿಯಿತು. ಒಂದು ದೊಡ್ಡ ಪುಸ್ತಕ ಬಿಡಿಸಿಟ್ಟಷ್ಟು ಅಗಲದ ಪಿಂಗಾಣಿ ಫಲಕ. ಸುತ್ತ ಚಿನ್ನದ ಬಣ್ಣದ ಕೆತ್ತನೆಯ ಚೌಕಟ್ಟು. ಮೇಲಿನಿಂದ ಅದೊಂದಕ್ಕೇ ಬೆಳಕು ಬೀಳುವ ಹಾಗೆ ಪುಟ್ಟ ದೀಪ. ಪಟದಲ್ಲಿ ಬೈಬಲಿನ ದೃಶ್ಯ: ಬಯಲಿನ ನಡುವೆ ಒಂದು ಬಾವಿ. ಅದರ ಬಾಯಿಗೆ ಮುಚ್ಚಿದ್ದ ಬಂಡೆಯನ್ನು ಯುವಕನೊಬ್ಬ ಆಗತಾನೇ ಸರಿಸಿ ನಿಂತಿದ್ದಾನೆ. ಎದುರಿಗೆ ನೀಲಿ ಮೇಲುಹೊದಿಕೆಯ ಹುಡುಗಿ, ಅವಳ ಹಿಂದೆ ಬಾಯಾರಿದ ಕುರಿಗಳು. ಹುಡುಗಿಯ ಕೆನ್ನೆಯಲ್ಲಿ ಬಿಸಿಲಿನ ಕೆಂಪು. ಅವಳು ಏನನ್ನೋ ಹೇಳಲು ಹೊರಟು ಸುಮ್ಮನಾದ ಹಾಗಿದೆ.

ಆ ದಿನ ಬಂದಿದ್ದ ನೆಂಟರೆಲ್ಲ ಚಿಕ್ಕಳಿಯನನ್ನು "ಚೆನ್ನಾಗಿದ್ದೀರಾ?" ಎಂದು ಕೇಳಿ, ಉತ್ತರ ಬರುವಷ್ಟರಲ್ಲಿ ಪಟದ ಕಡೆ ತಿರುಗಿರುತ್ತಿದ್ದರು.

ಮನೆಗೆ ಹೋಗುವ ದಾರಿಯಲ್ಲಿ ಹೆಂಡತಿ ಕೇಳಿದಳು, "ರೀ, ಯಾಕೆ ಮಾತಿಲ್ಲ ಕತೆಯಿಲ್ಲ?"

"ನಿಮ್ಮಮ್ಮನಿಗೆ ಹೆಣ್ಮಕ್ಕಳೆಷ್ಟು?"

"ಇದೇನು ಪ್ರಶ್ನೆ? ಇಬ್ಬರು."

"ಪಟ ಎಷ್ಟು?"

"ಓಹೋ, ಅಲ್ಲಿಗೆ ಬಂತಾ? ನೋಡಿ, ಅಮ್ಮನ ಪಟ ಅದು. ಅಮ್ಮ ಇರೋ ಕಡೆ ಇರುತ್ತೆ."

"ಅಂದ್ರೆ ಅಮ್ಮ ನಿಮ್ಮಕ್ಕನ ಕಡೆ ಅಂತಾಯ್ತು!"

ಹೆಂಡತಿ ಅವನ ಮುಖವನ್ನೇ ನೋಡಿದಳು. ಏನೋ ಹೇಳಲು ಹೊರಟು ಸುಮ್ಮನಾದಳು, ಥೇಟು ಪಟದ ಹುಡುಗಿಯ ಹಾಗೆ. ಅದು ಬೇರೆ ಅವನನ್ನು ಇನ್ನಷ್ಟು ಕೆರಳಿಸಿತು.

ಆ ವಾರ ಚಿಕ್ಕಳಿಯನ ಕೆಲಸದ ಕೋಣೆಯಲ್ಲಿ ತಯಾರಾದ ಹಲ್ಲುಗಳ ಬಗ್ಗೆ ಹೆಚ್ಚು ಹೇಳದಿರುವುದೇ ಮರ್ಯಾದೆ. ನಿವೃತ್ತ ಮೇಷ್ಟ್ರೊಬ್ಬರಿಗೆ, ಚಹಾ ಹೊಗೆಸೊಪ್ಪುಗಳ ದೀರ್ಘ ಸೇವೆ ಮಾಡಿದ ಮಿಕ್ಕ ಹಲ್ಲುಗಳ ಪಕ್ಕ ಒಪ್ಪುವಂತೆ, ಮಾಸಲು ಬಣ್ಣದ ನಾಲ್ಕು ಮುಂಬಲ್ಲು ಬೇಕಿತ್ತು. ಚಿಕ್ಕಳಿಯನ ಕುಂಚ ತನಗೇ ತಿಳಿಯದೆ ಆ ಕುರಿಗಾಹಿ ಹುಡುಗಿಯ ತೋಳಿನ ಬಿಳುಪನ್ನು ಹುಡುಕಿಕೊಂಡು ಹೋಯಿತು. ಮಾರನೆಯ ದಿನ ದಂತವೈದ್ಯರ ಫೋನು ಬಂತು. "ಏನ್ರೀ ಇದು? ಮೇಷ್ಟ್ರು ಬಾಯಿ ತೆಗೆದ್ರೆ ಟ್ಯೂಬ್‌ಲೈಟ್ ಹತ್ತಿದ ಹಾಗಿದೆ. ಅವರ ಹೆಂಡ್ತಿ ಗುರುತೇ ಹಿಡೀಲಿಲ್ಲಂತೆ!"

ಮೊದಲ ಉಪಾಯವಾಗಿ ಚಿಕ್ಕಳಿಯ ಪಟವನ್ನು ನಕಲಿ ಎಂದು ಸಾಬೀತು ಮಾಡಲು ಹೊರಟ. ಇಂಥ ಪಟಗಳಲ್ಲಿ ಎಷ್ಟೋ ಬರೀ ಅಚ್ಚು ಹಾಕಿದವು. ಭೂತಗನ್ನಡಿ ಹಿಡಿದರೆ ಅಚ್ಚಿನ ಚುಕ್ಕಿಗಳು ಕಾಣುತ್ತವೆ ಎಂದು ಅವನಿಗೆ ಗೊತ್ತಿತ್ತು. ಮುಂದಿನ ಭಾನುವಾರ ಕೆಲಸದ ಭೂತಗನ್ನಡಿಯನ್ನು ಜೇಬಿಗೆ ಸೇರಿಸಿಕೊಂಡು ಹೋದ. ಎಲ್ಲರೂ ಊಟದ ಮೇಜಿನ ಬಳಿ ಇದ್ದಾಗ ಮೆಲ್ಲನೆ ಸೋಫಾದ ಮೇಲೆ ಹತ್ತಿ ನಿಂತು (ಷಡ್ಡಕನ ಸೋಫಾ ಎಂದ ಮೇಲೆ ಕೇಳಬೇಕೆ, ಮೊಣಕಾಲಿನವರೆಗೂ ಇಳಿದುಹೋದ), ಕತ್ತು ಉದ್ದ ಮಾಡಿ, ಕನ್ನಡಿಯನ್ನು ಹುಡುಗಿಯ ಕೆನ್ನೆಗೆ ಹಿಡಿದ.

ಚುಕ್ಕಿ ಇರಲಿಲ್ಲ.

ಇದ್ದದ್ದು ಗೆರೆಗಳು. ಒಂದೊಂದು ರೆಪ್ಪೆಗೂದಲೂ ಬೇರೆ ಬೇರೆ. ಕೆನ್ನೆಯ ಕೆಂಪಿನ ಕೆಳಗೆ ತೆಳು ಹಸಿರು, ಅದರ ಕೆಳಗೆ ಹಳದಿ. ಒಂದು ಬಣ್ಣ ಬಳಿದು, ಸುಟ್ಟು, ಆರಿಸಿ, ಮತ್ತೊಂದು ಬಳಿದು, ಮತ್ತೆ ಸುಟ್ಟದ್ದು. ಕುಲುಮೆಯಲ್ಲಿ ಬಣ್ಣ ಎಂಥ ಮೋಸ ಮಾಡುತ್ತದೆಂದು ಚಿಕ್ಕಳಿಯನಿಗೆ ಗೊತ್ತು. ಇಟ್ಟಾಗ ಒಂದು, ತೆಗೆದಾಗ ಇನ್ನೊಂದು. ಒಂದು ಕೋರೆಹಲ್ಲಿನ ಬಣ್ಣ ಸರಿಬರಲಿ ಎಂದು ಅವನು ದಿನಗಟ್ಟಲೆ ಒದ್ದಾಡುತ್ತಾನೆ. ಇಲ್ಲಿ ಯಾವನೋ ಪುಣ್ಯಾತ್ಮ ಇಡೀ ಸಂಜೆಯ ಆಕಾಶವನ್ನೇ ಒಂದು ಬಿರುಕಿಲ್ಲದೆ ಸುಟ್ಟು ತೆಗೆದಿದ್ದಾನೆ! ಚಿಕ್ಕಳಿಯ ಕನ್ನಡಿ ಒರೆಸಿ ನೋಡಿದ, ಮಂಜಾಗಿದ್ದದ್ದು ಕಣ್ಣು. ಸೋಫಾದಲ್ಲಿ ಹೂತು ನಿಂತವನು ಒಂದು ಕ್ಷಣ ಷಡ್ಡಕನನ್ನೇ ಮರೆತ.

"ಚುಕ್ಕಿ ಕಂಡಿತಾ?" ಎಂದು ಹಿಂದಿನಿಂದ ಮೆತ್ತನೆಯ ದನಿ ಬಂತು.

ಷಡ್ಡಕ ನಿಂತಿದ್ದ. ಅವನ ಪಕ್ಕ ಅತ್ತೆ. ಅತ್ತೆಯ ಹಿಂದೆ ಅಕ್ಕತಂಗಿಯರು.

ಕಂಡಿತು ಎಂದು ಹೇಳಲು ನಾಲಿಗೆ ತುದಿಗೆ ಬಂದಿತ್ತು. ಆದರೆ ಜೀವಮಾನವೆಲ್ಲ ಪಿಂಗಾಣಿಯ ಅನ್ನ ತಿಂದವನಿಗೆ ಪಿಂಗಾಣಿಯ ಮುಂದೆ ನಿಂತು ಸುಳ್ಳು ಹೇಳಲಾಗಲಿಲ್ಲ. "ಇಲ್ಲ ಭಾವ. ಅಸಲಿ. ಅಪ್ಪಟ ಅಸಲಿ," ಎಂದ, ಅಳುವ ದನಿಯಲ್ಲಿ.

ಅತ್ತೆಯ ಕಣ್ಣು ಅರಳಿತು. "ಅಳಿಯಂದ್ರೆ, ಇದನ್ನ ಇಷ್ಟು ಹತ್ತಿರದಿಂದ ನೋಡಿದವರು ಡಾಕ್ಟರಮ್ಮನ ನಂತರ ನೀವೇ ಮೊದಲು. ಕತೆ ಗೊತ್ತಾ ಇದರದ್ದು?" ಎಂದು ಕುರ್ಚಿಯಲ್ಲಿ ಕೂತರು. "ಈ ಹುಡುಗ ಯಾಕೋಬ. ಸೋದರಮಾವನ ಊರಿಗೆ ಬಂದಿದ್ದಾನೆ. ಇವಳು ಮಾವನ ಮಗಳು ರಾಹೇಲ. ಎಷ್ಟೋ ಜನ ಸೇರಿ ಸರಿಸೋ ಬಂಡೇನ ಇವಳನ್ನ ನೋಡಿದ್ದೇ ಒಬ್ಬನೇ ಸರಿಸಿಬಿಟ್ಟ."

"ಆಮೇಲೆ?"

"ಆಮೇಲೇನು? ಇವಳೇ ಬೇಕು ಅಂತ ಮಾವನ ಮನೇಲಿ ಏಳು ವರ್ಷ ದುಡಿದ. ಮದುವೇನೂ ಆಯ್ತು. ಬೆಳಕು ಹರಿದ ಮೇಲೆ ನೋಡ್ತಾನೆ, ಮಾವ ತಂಗಿ ಬದಲು ಅಕ್ಕನ್ನ ಕಟ್ಟಿಬಿಟ್ಟಿದ್ದಾನೆ."

"ಅಯ್ಯೋ, ಅನ್ಯಾಯ! ಇವನು ಸುಮ್ಮನಿದ್ದನಾ?"

"ಇನ್ನೂ ಏಳು ವರ್ಷ ದುಡಿ, ಅವಳನ್ನೂ ಕೊಡ್ತೀನಿ ಅಂದ ಮಾವ. ಇವನು ದುಡಿದ."

"ಅಳಿಯ ಅಂದ್ರೆ ಹಾಗಿರಬೇಕು," ಎಂದ ದೊಡ್ಡಳಿಯ, ಚಾವಣಿ ನೋಡುತ್ತ.

ಮೊದಲು ಬರೀ ಹೊಟ್ಟೆಕಿಚ್ಚಾಗಿದ್ದದ್ದು ಆವತ್ತಿನಿಂದ ಪ್ರೇಮವೂ ಆಯಿತು. ಎರಡೂ ಒಟ್ಟಿಗೆ ಬಂದರೆ ಮನುಷ್ಯನ ಗತಿ ಏನು? ಆ ಪಟ ಯಾರ ಗೋಡೆಯಲ್ಲಿದೆ? ಅದರಲ್ಲಿ ಬಣ್ಣಗಳೆಷ್ಟು ಸಲ ಸುಡಲ್ಪಟ್ಟಿವೆ ಎಂದು ತಿಳಿಯದವನ ಗೋಡೆಯಲ್ಲಿ! ಸ್ಪಂಜು ಮಾರುವವನ ಗೋಡೆಯಲ್ಲಿ!

ತಾನೇ ಒಂದು ಮಾಡಿದರೆ ಏನು ಎಂದೂ ನೋಡಿದ. ಹಲ್ಲಿನ ಕುಲುಮೆಯಲ್ಲಿ ಹಿಡಿಸುವಷ್ಟೇ ದೊಡ್ಡದು, ಅಂದರೆ ಬಿಸ್ಕತ್ತಿಗಿಂತ ಚೂರು ಅಗಲದ ಒಂದು ಫಲಕ ಮಾಡಿ, ಅದರ ಮೇಲೆ ಬಾವಿ, ಹುಡುಗ, ಹುಡುಗಿ, ಕುರಿ ಎಲ್ಲವನ್ನೂ ಬರೆದು ಸುಟ್ಟ. ಹೊರತೆಗೆದಾಗ ಹುಡುಗಿ ಒಂದು ಕೆನ್ನೆ ಬುರುಬುರನೆ ಊದಿಕೊಂಡು ಹಲ್ಲುನೋವು ಬಂದವಳ ಹಾಗಿದ್ದಳು. ಕುರಿಗಳಂತೂ ಕಾಲು ಮೂಡಿದ ದವಡೆಹಲ್ಲುಗಳು.

"ಚೆನ್ನಾಗಿದೆ," ಎಂದಳು ಹೆಂಡತಿ, ಅದನ್ನು ಬೆಳಕಿಗೆ ಹಿಡಿದು. "ಹಲ್ಲಿನ ಡಾಕ್ಟರ ಕೋಣೆ ತಾನೆ ಇದು? ಈ ಹುಡುಗ ಹಲ್ಲು ಕೀಳ್ತಿದ್ದಾನೆ. ಇವಳು ಅಳ್ತಿದ್ದಾಳೆ. ಹಿಂದೆ ಇರೋದೆಲ್ಲ ಕಿತ್ತು ಹಾಕಿದ ಹಲ್ಲುಗಳು."

ಆಮೇಲೆ ಅವನು ನೇರವಾಗಿಯೇ ಕೇಳಿಬಿಡುವುದೆಂದು ನಿರ್ಧರಿಸಿದ. ಹೆಂಡತಿಯ ಮುಂದೆ ನ್ಯಾಯ, ಧರ್ಮ, ಸಮಾನ ಹಕ್ಕು ಎಲ್ಲದರ ಮೇಲೂ ಭಾಷಣವಾಯಿತು. ಇಷ್ಟು ವರ್ಷ ಅಕ್ಕನ ಮನೆಯಲ್ಲಿತ್ತು, ಇನ್ನು ತಂಗಿಯ ಮನೆಯಲ್ಲಿರಲಿ. ತಪ್ಪೇನು?

"ಬೇಡಿ," ಎಂದಳು ಹೆಂಡತಿ.

"ಯಾಕೆ ಬೇಡ?"

"ನಿಮಗೆ ಅಮ್ಮ ಗೊತ್ತಿಲ್ಲ."

"ಪ್ರತಿ ಭಾನುವಾರ ನೋಡ್ತೀನಲ್ಲ!"

"ಅದಕ್ಕೇ ಹೇಳಿದ್ದು, ಗೊತ್ತಿಲ್ಲ ಅಂತ. ನಾನು ಅಮ್ಮನ ಕೈಲಿ ಬೆಳೆದವಳು. ನನ್ನ ಮಾತು ಕೇಳಿ, ಬೇಡಿ."

"ನಿನಗೆ ನಿನ್ನ ಅಕ್ಕನ ಮೇಲೇ ಮಮಕಾರ. ನನ್ನ ಗೋಡೆ ಬೋಳಾಗಿದ್ರೆ ನಿನಗೇನು?"

"ಬೋಳಾಗಿರೋದು ನೋಡೋದು ಅಭ್ಯಾಸ ಆಗಿದೆ ನನಗೆ," ಎಂದು ಅವಳು ಅವನ ನೆತ್ತಿಯನ್ನೊಮ್ಮೆ ನೋಡಿ ಒಳಗೆ ಹೋದಳು.

ಭಾನುವಾರ ಬಂತು. ಊಟವಾದ ಮೇಲೆ ಚಿಕ್ಕಳಿಯ ಗಂಟಲು ಸರಿಮಾಡಿಕೊಂಡು, ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ ಮಾತನ್ನು ಒಪ್ಪಿಸಿದ. ಪಟವನ್ನು ಅರ್ಥಮಾಡಿಕೊಳ್ಳಬಲ್ಲವನು ಪಿಂಗಾಣಿಯವನು, ತಾನು ಪಿಂಗಾಣಿಯವನು, ಆದ್ದರಿಂದ ಇತ್ಯಾದಿ.

ದೊಡ್ಡಳಿಯನ ಮುಖ ಕಪ್ಪಿಟ್ಟಿತು. "ಛೆ ಛೆ, ಎಂಥ ಮಾತು ಹೇಳಿದ್ರಿ! ಬೇರೆ ಏನಾದ್ರೂ ಕೇಳಿ. ಕಾರು ಕೇಳಿ. ಇದನ್ನ ಕೇಳಬೇಡಿ."

ಕಾರನ್ನೇ ಕೊಡುತ್ತಾನಂತೆ, ಇದನ್ನು ಕೊಡುವುದಿಲ್ಲವಂತೆ! ಚಿಕ್ಕಳಿಯನ ಆಸೆ ಇಮ್ಮಡಿಸಿತು. "ಭಾವ, ದಯವಿಟ್ಟು."

"ಬೆಳಿಗ್ಗೆ ಎದ್ದ ತಕ್ಷಣ ಇದರ ಮುಖ ನೋಡಿ ಅಭ್ಯಾಸ ಆಗಿಬಿಟ್ಟಿದೆ. ಹೋದ್ರೆ ಮನೆ ಬಿಕೋ ಅನ್ನುತ್ತೆ. ನಿಮ್ಮ ಅಕ್ಕನನ್ನೇ ಕೇಳಿ."

ಅಕ್ಕನನ್ನು ಕೇಳೋಣವೆಂದರೆ ಅವಳು ಬಾಯಿಗೆ ಕೈ ಅಡ್ಡ ಹಿಡಿದು, ಭುಜ ಕುಲುಕಿಸುತ್ತ ಅಡಿಗೆಮನೆಗೆ ಓಡಿದಳು. ಪಾಪ, ದುಃಖ ತಡೆಯಲಾರಳು ಎಂದುಕೊಂಡ ಚಿಕ್ಕಳಿಯ. ಆದರೆ ಯುದ್ಧದಲ್ಲಿ ಕರುಣೆ ಸಲ್ಲದು. "ಅತ್ತೆ, ನೀವೇ ನ್ಯಾಯ ಹೇಳಿ. ನಾನು ಅದನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀನಿ. ಒಂದು ದೂಳಿನ ಕಣ ಕೂರೋಕೆ ಬಿಡಲ್ಲ. ನನ್ನ ಮನೇಲಿ ಅದಕ್ಕೆ ರಾಜೋಪಚಾರ."

ಅತ್ತೆ ಕನ್ನಡಕ ತೆಗೆದು ಒರೆಸಿಕೊಂಡರು. ಅವರ ದನಿ ತೇವವಾಗಿತ್ತು. "ಅಳಿಯಂದ್ರೆ, ಇಷ್ಟು ಆಸೆಪಟ್ಟು ನನ್ನನ್ನ ಯಾರೂ ಏನೂ ಕೇಳಿರಲಿಲ್ಲ. ಇಲ್ಲ ಅನ್ನೋಕೆ ಮನಸ್ಸು ಬರಲ್ಲ. ಆಗಲಿ. ಮುಂದಿನ ಭಾನುವಾರ ಬರುತ್ತೆ."

"ಅತ್ತೆಯ ಮಾತು ಮೀರೋಕಾಗುತ್ತಾ?" ಎಂದ ದೊಡ್ಡಳಿಯ, ಉದ್ದನೆಯ ನಿಟ್ಟುಸಿರು ಬಿಟ್ಟು. "ನಾನೇ ಗಾಡೀಲಿ ತಂದು ಮುಟ್ಟಿಸ್ತೀನಿ. ನೀವು ತೊಂದರೆ ತಗೋಬೇಡಿ."

ಆ ವಾರವೆಲ್ಲ ಚಿಕ್ಕಳಿಯ ನೆಲದ ಮೇಲೆ ನಡೆಯಲಿಲ್ಲ. ಹಾಲಿನ ಗೋಡೆಗೆ ಸುಣ್ಣ ಬಣ್ಣ ಮಾಡಿಸಿದ. ಮೊಳೆ ಹೊಡೆದ. ಎಡಕ್ಕಾಯಿತು ಎಂದು ಕಿತ್ತು ಮತ್ತೆ ಹೊಡೆದ. ಎದುರುಮನೆಯವರಿಗೂ ಪಕ್ಕದ ಮನೆಯವರಿಗೂ ಭಾನುವಾರ ಸಂಜೆ ಚಹಾಕ್ಕೆ ಬರಲು ಹೇಳಿದ. ಹೆಂಡತಿ ಮಾತ್ರ ಏನೂ ಹೇಳದೆ, ತಾನು ಓದುತ್ತಿದ್ದ ವಾರಪತ್ರಿಕೆಗಳನ್ನೆಲ್ಲ ಒಟ್ಟುಮಾಡಿ ಹಾಸಿಗೆಯಡಿ ಸೇರಿಸುತ್ತಿದ್ದಳು. ಅದೇಕೆಂದು ಕೇಳುವಷ್ಟು ವ್ಯವಧಾನ ಅವನಿಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಬಾಗಿಲ ಮುಂದೆ ಬಂದು ನಿಂತದ್ದು ಷಡ್ಡಕನ ಕಾರಲ್ಲ, ಹಾಸಿಗೆ ಅಂಗಡಿಯ ದೊಡ್ಡ ವ್ಯಾನು. ಒಂದು ಪಟಕ್ಕೆ ಇಷ್ಟು ದೊಡ್ಡ ಗಾಡಿ ಯಾಕೆ ಎಂದು ಅವನು ಯೋಚಿಸುವಷ್ಟರಲ್ಲಿ ಮುಂದಿನ ಬಾಗಿಲು ತೆರೆಯಿತು. ಮೊದಲು ಪಟ ಇಳಿಯಿತು, ಕಂಬಳಿಯಲ್ಲಿ ಸುತ್ತಿಕೊಂಡು. ಅದನ್ನು ಎದೆಗವಚಿಕೊಂಡಿದ್ದ ಎರಡು ಕೈಗಳು ಇಳಿದವು. ಕೈಗಳ ಹಿಂದೆ ಅತ್ತೆ ಇಳಿದರು.

"ಬನ್ನಿ ಅತ್ತೆ, ಬನ್ನಿ! ನೀವೇ ತಂದ್ರಾ? ಎಂಥ ಭಾಗ್ಯ! ಊಟ ಮಾಡ್ಕೊಂಡೇ ಹೋಗಬೇಕು," ಎಂದ ಚಿಕ್ಕಳಿಯ.

"ಹೋಗೋದು ಎಲ್ಲಿಗೆ?" ಎಂದರು ಅತ್ತೆ.

ಅಷ್ಟರಲ್ಲಿ ವ್ಯಾನಿನ ಹಿಂಬಾಗಿಲಿನಿಂದ ಒಂದು ಕಬ್ಬಿಣದ ಮಂಚ ಇಳಿಯುತ್ತಿತ್ತು. ಅದರ ಹಿಂದೆ ಒಂದು ಟ್ರಂಕು, ಇನ್ನೊಂದು ಟ್ರಂಕು, ಔಷಧದ ಕಪಾಟು, ತೂಕ ನೋಡುವ ಯಂತ್ರ, ಹಿತ್ತಾಳೆಯ ಒಂದು ಕೈಗಂಟೆ.

ಚಿಕ್ಕಳಿಯ ಷಡ್ಡಕನ ಕಡೆ ತಿರುಗಿದ. ಷಡ್ಡಕ ಮೆತ್ತಗೆ ಹೇಳಿದ, "ಆ ಪಟ ತಲೆದಿಕ್ಕಿನಲ್ಲಿ ಇಲ್ಲದಿದ್ರೆ ಅತ್ತೆಗೆ ನಿದ್ದೆ ಬರಲ್ಲ. ಹಾಲಿನಲ್ಲಿ ಹಾಕಿದ್ದಷ್ಟು ದಿನವೂ ಅಲ್ಲೇ ಸೋಫಾ ಮೇಲೆ ಮಲಗ್ತಿದ್ರು. ನಿಮಗೆ ಗೊತ್ತಿರಲಿಲ್ವಾ? ಛೆ, ಹೇಳಬೇಕಿತ್ತು ನಾನು."

ಹಾಗೆ ಹೇಳುವಾಗ ಷಡ್ಡಕನ ಮುಖದಲ್ಲಿ, ಆಸ್ಪತ್ರೆಯಿಂದ ಬಿಡುಗಡೆಯಾದವರಿಗೆ ಮೊದಲ ಗಾಳಿ ತಗುಲಿದಾಗ ಬರುತ್ತದಲ್ಲ, ಅಂಥ ಕಳೆ ಇತ್ತು. ಚಹಾ ಕುಡಿಯಲೂ ನಿಲ್ಲದೆ ವ್ಯಾನು ಹತ್ತಿ ಹೊರಟುಹೋದ. ತಿರುವಿನಲ್ಲಿ ಹಾರನ್ನು ಎರಡು ಸಲ ಹೊಡೆದದ್ದು ಯಾರೋ ಅಡ್ಡ ಬಂದದ್ದಕ್ಕಲ್ಲ.

ಅತ್ತೆ ಮನೆಯನ್ನೊಮ್ಮೆ ಸುತ್ತಿ ಬಂದರು. ಗಾಳಿ ಬೆಳಕು ಚೆನ್ನಾಗಿರುವುದು ಒಂದೇ ಕೋಣೆ ಎಂದು ಕಂಡುಹಿಡಿದರು. ಅದು ಚಿಕ್ಕಳಿಯನ ಕೆಲಸದ ಕೋಣೆ. ಸಂಜೆಯೊಳಗೆ ಕುಲುಮೆ, ಕುಂಚಗಳು, ಊರಿನ ಅರ್ಧದಷ್ಟು ನಗು ಎಲ್ಲ ಅಡಿಗೆಮನೆಯ ಹಿಂದಿನ ಉಗ್ರಾಣ ಸೇರಿದವು. ಮಂಚ ಒಳಗೆ ಹೋಯಿತು. ಮಂಚದ ತಲೆದಿಕ್ಕಿನಲ್ಲಿ ಪಟ ಏರಿತು. ಚಿಕ್ಕಳಿಯ ಎರಡೆರಡು ಸಲ ಹೊಡೆದಿದ್ದ ಹಾಲಿನ ಮೊಳೆಗೆ ಅತ್ತೆ ಒಂದು ರಟ್ಟು ತೂಗುಹಾಕಿದರು. ಅದರಲ್ಲಿ ದಪ್ಪಕ್ಷರದಲ್ಲಿ ಮನೆಯ ವೇಳಾಪಟ್ಟಿ ಇತ್ತು. ಚಹಾಕ್ಕೆ ಬಂದ ನೆರೆಮನೆಯವರು ಅದನ್ನೇ ಪಟವೆಂದುಕೊಂಡು ಬಹಳ ಹೊತ್ತು ಓದಿ, ಕೈ ತೊಳೆದುಕೊಂಡು ಹೋದರು.

ಮಾರನೆಯ ದಿನ, ಹಕ್ಕಿಗಳಿಗೂ ಇನ್ನೂ ಎಚ್ಚರವಾಗದ ಹೊತ್ತಿಗೆ ಹಿತ್ತಾಳೆಗಂಟೆ ಬಾರಿಸಿತು. ಚಿಕ್ಕಳಿಯ ಬೆಂಕಿ ಬಿದ್ದಿತೆಂದು ದಿಂಬು ಎತ್ತಿಕೊಂಡು ಓಡಿದ. ಅತ್ತೆ ಬಾಗಿಲಲ್ಲಿ ಥರ್ಮಾಮೀಟರು ಹಿಡಿದು ನಿಂತಿದ್ದರು. "ಬಾಯಿ ತೆಗೀರಿ. ನಾಲಿಗೆ ಕೆಳಗೆ." ತೆಗೆದ ಬಾಯಿಯೊಳಗೆ ಇಣುಕಿ ನೋಡಿ, "ಹಲ್ಲು ಕಟ್ಟೋರ ಹಲ್ಲು ಹೀಗಾ?" ಎಂದು ತಲೆಯಾಡಿಸಿದರು. ಹೊದಿಕೆಯ ಮೂಲೆಗಳನ್ನು ಮಡಿಸುವುದು ಹೇಗೆಂದು ತೋರಿಸಿಕೊಟ್ಟರು. ಅವನು ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸಲು ಹೇಳಿದರು. ಚಹಾದ ಸಕ್ಕರೆ ಅರ್ಧವಾಯಿತು. ತೂಕದ ಯಂತ್ರದ ಮೇಲೆ ನಿಂತು ಇಳಿದ ಮೇಲೆ ಮಿಕ್ಕರ್ಧವೂ ಹೋಯಿತು. ಪೇಪರು ಓದಿ ಮಡಿಸಿಡದಿದ್ದರೆ ಗಂಟೆ. ಬಚ್ಚಲಲ್ಲಿ ಹಾಡಿದರೆ ಗಂಟೆ. ಊಟದ ಮೇಲೆ ಸೋಫಾದಲ್ಲಿ ಒರಗಿದರೆ, ಗಂಟೆಯಲ್ಲ, ಬರೀ ಒಂದು ಕೆಮ್ಮು. ಅದು ಗಂಟೆಗಿಂತ ಹೆಚ್ಚು ಕೆಲಸ ಮಾಡುತ್ತಿತ್ತು.

ಹೆಂಡತಿ ಎರಡೇ ದಿನದಲ್ಲಿ ಸ್ಕೂಲು ಹುಡುಗಿಯಾಗಿಬಿಟ್ಟಳು. ಹೊದಿಕೆಯೊಳಗೆ ಟಾರ್ಚು ಹಿಡಿದು ವಾರಪತ್ರಿಕೆ ಓದುವುದರಲ್ಲಿ ಅವಳಿಗೆ ಹಳೆಯ ಪರಿಣತಿ ಇತ್ತು.

"ಮೊದಲೇ ಬಿಡಿಸಿ ಹೇಳಬಾರದಿತ್ತಾ?" ಎಂದು ಅವನು ಪಿಸುಗುಟ್ಟಿದ.

"ಬೇಡಿ ಅಂತ ಎಷ್ಟು ಸಲ ಹೇಳಿದೆ? ನಮ್ಮಮ್ಮ ಬರೋದು ಬೇಡ ಅಂತ ಬಾಯಿಬಿಟ್ಟು ಹೇಳೋಕಾಗುತ್ತಾ ಹೆತ್ತ ಮಗಳಿಗೆ? ನೀವೇ ಅರ್ಥ ಮಾಡ್ಕೋಬೇಕಿತ್ತು. ನಾನು ನಿಮ್ಮನ್ನ ಮದುವೆಯಾಗೋಕೆ ಒಂದೇ ಸಲಕ್ಕೆ ಒಪ್ಪಿದ್ದು ಯಾಕೆ ಅಂದ್ಕೊಂಡ್ರಿ? ನಿಮ್ಮ ಮುಖ ನೋಡಿಯಾ?"

ಇದೆಲ್ಲವನ್ನೂ ಅವನು ಸಹಿಸಿಕೊಳ್ಳುತ್ತಿದ್ದನೇನೋ, ಪಟವಾದರೂ ಕಣ್ಣಿಗೆ ಬೀಳುತ್ತಿದ್ದರೆ. ಆದರೆ ಅತ್ತೆಯ ಕೋಣೆಗೆ ಭೇಟಿಯ ಹೊತ್ತು ಎಂದೊಂದು ಇತ್ತು. ಸಂಜೆ ಸ್ವಲ್ಪ ಹೊತ್ತು, ಕೈಕಾಲು ತೊಳೆದು, ತಲೆ ಬಾಚಿ (ಅವನು ನೆತ್ತಿ ತೋರಿಸಿ ವಿನಾಯಿತಿ ಕೇಳಿದ, ಸಿಗಲಿಲ್ಲ) ಹೊಸಿಲಿನ ಆಚೆ ನಿಲ್ಲಬೇಕು. ಅಷ್ಟು ದೂರದಿಂದ ರಾಹೇಲ ಒಂದು ನೀಲಿ ಚುಕ್ಕಿ. ಷಡ್ಡಕನ ಸೋಫಾದ ಮೇಲೆ ಹೂತು ನಿಂತಾಗ ಕಂಡ ರೆಪ್ಪೆಗೂದಲು ಅವನಿಗೆ ಮತ್ತೆ ಕಾಣಲೇ ಇಲ್ಲ.

ಒಮ್ಮೆ ಧೈರ್ಯ ಮಾಡಿದ. "ಅತ್ತೆ, ನಿಮ್ಮನ್ನ ಬಿಟ್ಟು ಅಕ್ಕನಿಗೆ ಬಹಳ ಬೇಜಾರಾಗಿರಬೇಕು. ಪಟ ಇಲ್ಲದೆ ಭಾವ ಅಂತೂ ಸೊರಗಿಹೋಗಿರ್ತಾರೆ."

ಅತ್ತೆ ಅವನ ಕೈ ಹಿಡಿದುಕೊಂಡರು. ಮೇಟ್ರನ್ನಿನ ಮುಖ ಹೋಗಿ, ಒಂದು ಕ್ಷಣ, ಯಾರೋ ತನ್ನ ವಸ್ತುವನ್ನು ಮೆಚ್ಚಿದರೆಂದು ಬೀಗುವ ಹುಡುಗಿಯ ಮುಖ ಬಂತು. "ಬೇಜಾರಾದ್ರೆ ಆಗಲಿ. ಅವರು ಅದನ್ನ ಶೋಕಿಗೆ ಹಾಕಿದ್ರು. ಕನ್ನಡಿ ಹಿಡಿದು ನೋಡಿ ಕಣ್ಣಲ್ಲಿ ನೀರು ಹಾಕಿದವರು ನೀವೊಬ್ಬರೇ. ಇನ್ನು ನಾನು ಈ ಮನೆ ಬಿಟ್ಟು ಎಲ್ಲಿಗೂ ಹೋಗಲ್ಲ ಅಳಿಯಂದ್ರೆ. ನೀವು ಹೆದರಬೇಡಿ."

ಅವನು ಉಗ್ರಾಣಕ್ಕೆ ಹೋಗಿ ಒಂದು ಬಾಚಿಹಲ್ಲು ಕೈಯಲ್ಲಿ ಹಿಡಿದು ಸುಮ್ಮನೆ ಕೂತ.

ಅತ್ತೆಯ ಬಿಸಿನೀರಿನ ರಬ್ಬರು ಚೀಲ ದೊಡ್ಡಮಗಳ ಮನೆಯಲ್ಲೇ ಉಳಿದಿತ್ತು. ಅದನ್ನು ತರಲು ಒಂದು ಭಾನುವಾರ ಚಿಕ್ಕಳಿಯನಿಗೆ ಹೊರಗೆ ಹೋಗುವ ಅಪ್ಪಣೆ ಸಿಕ್ಕಿತು.

ಷಡ್ಡಕನ ಮನೆಯ ಬಾಗಿಲು ತೆರೆದೇ ಇತ್ತು. ಹೊಸಿಲಲ್ಲಿ ಚಪ್ಪಲಿಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದವು. ರೇಡಿಯೋ ಗಟ್ಟಿಯಾಗಿ ಹಾಡುತ್ತಿತ್ತು. ಅಕ್ಕ ನಡುಮಧ್ಯಾಹ್ನದಲ್ಲಿ ಸೋಫಾದ ಮೇಲೆ ಕಾಲು ಚಾಚಿ, ಹೊಟ್ಟೆಯ ಮೇಲೆ ವಾರಪತ್ರಿಕೆ ಕವುಚಿಕೊಂಡು ಗೊರಕೆ ಹೊಡೆಯುತ್ತಿದ್ದಳು. ಟೀಪಾಯಿಯ ಮೇಲೆ ಬೆಳಗಿನ ಲೋಟ, ನಿನ್ನೆಯ ಲೋಟ, ಪುಡಿಪುಡಿಯಾದ ಬಿಸ್ಕತ್ತು, ಪೇಪರಿನ ಒಂದೊಂದು ಹಾಳೆ ಒಂದೊಂದು ಕಡೆ. ಷಡ್ಡಕ ಬನಿಯನ್ನಿನಲ್ಲಿ, ನೆಲದ ಮೇಲೆ, ತಾನೇ ಮಾರುವ ಎಲ್ಲ ದಿಂಬುಗಳ ನಡುವೆ ಬಿದ್ದುಕೊಂಡು ಪಾತ್ರೆಯಿಂದಲೇ ಚಮಚದಲ್ಲಿ ಏನನ್ನೋ ತಿನ್ನುತ್ತಿದ್ದ. ಮೈಕೈ ತುಂಬಿಕೊಂಡು, ಹತ್ತು ವರ್ಷ ಚಿಕ್ಕವನಾಗಿದ್ದ.

"ಬನ್ನಿ ಬನ್ನಿ! ಎಷ್ಟು ದಿನ ಆಯ್ತು! ಎಲ್ಲಾದ್ರೂ ಜಾಗ ಮಾಡ್ಕೊಂಡು ಕೂತ್ಕೊಳ್ಳಿ," ಎಂದ ಷಡ್ಡಕ, ಏಳದೆ. "ಪಟ ಹೇಗಿದೆ?"

"ಚೆನ್ನಾಗಿದೆ," ಎಂದ ಚಿಕ್ಕಳಿಯ.

"ನಿಮ್ಮ ಗೋಡೆಗೇ ಅದು ಒಪ್ಪೋದು ಬಿಡಿ. ಅರ್ಥ ಮಾಡ್ಕೊಳ್ಳೋರ ಹತ್ತಿರ ಇರಬೇಕು ಅಂಥಾದ್ದು."

ಚಿಕ್ಕಳಿಯ ಕೂರಲಿಲ್ಲ. ಅವನ ಕಣ್ಣು ತಾನಾಗಿಯೇ ಗೋಡೆಗೆ ಹೋಯಿತು. ಪಟವಿದ್ದ ಜಾಗದಲ್ಲಿ ಈಗ ಷಡ್ಡಕನ ಅಂಗಿ ನೇತಾಡುತ್ತಿತ್ತು. ಒಗೆಯದ ಅಂಗಿ. ಒಂದು ತೋಳು ಒಳಮುಖವಾಗಿ ಮಡಚಿಕೊಂಡಿತ್ತು, ಇನ್ನೊಂದು ಸೋತು ಜೋತುಬಿದ್ದಿತ್ತು. ಕಾಲರಿನ ಅಂಚಿನಲ್ಲಿ ಬೆವರಿನ ಹಳದಿ, ಅದರ ಕೆಳಗೆ ತೆಳು ಕಂದು. ಕಿಟಕಿಯ ಗಾಳಿ ಬಂದಾಗಲೆಲ್ಲ ಅದು ಮೆಲ್ಲನೆ ತೂಗಿ, ಯಾರ ಅಪ್ಪಣೆಯೂ ಇಲ್ಲದೆ ಮತ್ತೆ ಸುಮ್ಮನಾಗುತ್ತಿತ್ತು. ಮನೆಯಲ್ಲಿ ಯಾರೂ ಕೆಮ್ಮಲಿಲ್ಲ.

ಚಿಕ್ಕಳಿಯ ಎರಡು ಹೆಜ್ಜೆ ಮುಂದೆ ಬಂದು ಕತ್ತು ಉದ್ದ ಮಾಡಿದ. ಭೂತಗನ್ನಡಿಗಾಗಿ ಜೇಬು ತಡಕಿದ.

"ಏನು ಅಷ್ಟೊಂದು ನೋಡ್ತಿದ್ದೀರಿ?" ಎಂದ ಷಡ್ಡಕ, ಚಮಚ ನೆಕ್ಕುತ್ತ. "ಹಳೇ ಅಂಗಿ ಅದು. ಬೇಕಿದ್ರೆ ತಗೊಂಡು ಹೋಗಿ."

"ತಗೊಂಡು ಹೋಗಿ ಎಲ್ಲಿ ಹಾಕಲಿ ಭಾವ?" ಎಂದ ಚಿಕ್ಕಳಿಯ, ಕಣ್ಣು ಕೀಳದೆ. "ನಮ್ಮನೇಲಿ ಖಾಲಿ ಮೊಳೆ ಇಲ್ಲ."